ಇಶ್ಯೂ ಟ್ರ್ಯಾಕರ್ ಮೇಲ್‌ಗಳು ಚರ್ಚೆಯ ಲಿಸ್ಟ್‌ಗೇ ಬರ್ಬೇಕಾ, ಬೇರೆ ಲಿಸ್ಟ್ ಮಾಡ್ಬೇಕಾ?

ಮೇಲುಸ್ತುವಾರಿ

ನಾವು ನೋಡ್ಕೊಳ್ತಿರೋ ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಇರೋದು ಒಂದೇ ಮೇಲಿಂಗ್ ಲಿಸ್ಟ್, ಅಂದ್ರೆ ಅದರ ವಿಳಾಸಕ್ಕೆ ಬರೆದಿದ್ದು ಎಲ್ಲಾ ಸದಸ್ಯರಿಗೂ ಹೋಗುತ್ತೆ. ಡೆವಲಪರ್‌ಗಳು ಮಾತಾಡೋದೂ ಅಲ್ಲೇ, ಬಗ್‌ಗಳನ್ನ ಒಂದೊಂದು ಇಶ್ಯೂ ಅಂತ ದಾಖಲಿಸೋ ಟ್ರ್ಯಾಕರ್ ತಾನಾಗೇ ಕಳಿಸೋ ಮೇಲ್ ಸುರಿಯೋದೂ ಅಲ್ಲೇ. ಮೊದ್ಲು ಬಗ್ ಕಮ್ಮಿ ಇದ್ದಾಗ ಇದು ಒಳ್ಳೇದೇ ಆಗಿತ್ತು, ಯಾರಾದ್ರೂ ಒಂದು ಬಗ್ ಹಾಕಿದ್ರೆ ಎಲ್ಲರಿಗೂ ಗೊತ್ತಾಗ್ತಿತ್ತು, ಯಾರಿಗೆ ಪುರುಸೊತ್ತಿದೆಯೋ ಅವರು ಎತ್ಕೊಳ್ತಿದ್ರು. ಈಗ ಅಸೈನಿ (ಕೆಲಸ ವಹಿಸ್ಕೊಂಡೋರು) ಬದಲಾದ್ರೆ ಒಂದು ಮೇಲ್, ಮೈಲ್‌ಸ್ಟೋನ್ (ಯಾವ ರಿಲೀಸ್‌ಗೆ ಅನ್ನೋದು) ಬದಲಾದ್ರೆ ಒಂದು ಮೇಲ್, ಅದನ್ನ ಅಯ್ಯೋ ಬೇಡ ಅಂತ ವಾಪಸ್ ಹಾಕಿದ್ರೆ ಮತ್ತೊಂದು. ಮೊನ್ನೆ ಒಬ್ರು ರಿಲೀಸ್ ಬ್ರಾಂಚ್ (ಬಿಡುಗಡೆಗೆ ಅಂತ ಕೋಡ್‌ನ ಬೇರೆ ಕವಲು) ಯಾವಾಗ ಕತ್ತರಿಸೋಣ ಅಂತ ಕೇಳಿದ್ದ ಮೇಲ್‌ಗೆ ಒಬ್ಬರೂ ಉತ್ತರ ಕೊಟ್ಟಿಲ್ಲ, ಯಾಕಂದ್ರೆ ಅದರ ಮೇಲೂ ಕೆಳಗೂ ಟ್ರ್ಯಾಕರ್ ಮೇಲ್‌ಗಳೇ ತುಂಬ್ಕೊಂಡಿದ್ವು, ಯಾರ ಕಣ್ಣಿಗೂ ಬಿದ್ದಿಲ್ಲ.

ನಮ್ಮಲ್ಲಿ ಎರಡು ಗುಂಪು ಆಗಿದೆ. ಒಂದು ಗುಂಪು, ಇಶ್ಯೂಗೆ ಅಂತಾನೇ ಬೇರೆ ಲಿಸ್ಟ್ ಮಾಡಿ ಎಲ್ಲಾನೂ ಅಲ್ಲಿಗೆ ತಳ್ಳಿ ಅನ್ನುತ್ತೆ. ಇನ್ನೊಂದು ಗುಂಪು, ಫಿಲ್ಟರ್ ಅಂತ ಒಂದು ವಸ್ತು ಇದೆಯಲ್ಲ, ಬೇಡದೋರು ಹಾಕ್ಕೊಳ್ಳಿ ಅನ್ನುತ್ತೆ. ನಂಗೆ ಎರಡೂ ಪೂರ್ತಿ ಸರಿ ಅನ್ನಿಸ್ತಿಲ್ಲ. ಇದನ್ನ ಅನುಭವಿಸಿದೋರು ಇದ್ರೆ ಹೇಳಿ.

---

ಸೀವ್‌ಸಿದ್ದ

ನಾನು ಎರಡನೇ ಗುಂಪು, ಮೊದ್ಲೇ ಹೇಳ್ಬಿಡ್ತೀನಿ.

ಟ್ರ್ಯಾಕರ್‌ಗಳು ಸುಮ್ನೆ ಮೇಲ್ ಕಳಿಸಲ್ಲ, ಹೆಡರ್‌ನಲ್ಲಿ (ಮೇಲ್ ತಲೆಯಲ್ಲಿರೋ ವಿವರದ ಸಾಲುಗಳಲ್ಲಿ) ಬೇಕಾದಷ್ಟು ಗುರುತು ಇಟ್ಟೇ ಕಳಿಸ್ತವೆ. ಬಗ್‌ಜಿಲ್ಲಾ ಅನ್ನೋ ಟ್ರ್ಯಾಕರ್ ತಗೊಳ್ಳಿ, ಎಕ್ಸ್-ಬಗ್‌ಜಿಲ್ಲಾ-ರೀಸನ್, ಎಕ್ಸ್-ಬಗ್‌ಜಿಲ್ಲಾ-ಕಾಂಪೊನೆಂಟ್, ಎಕ್ಸ್-ಬಗ್‌ಜಿಲ್ಲಾ-ಚೇಂಜ್ಡ್-ಫೀಲ್ಡ್ಸ್ ಅಂತ ಸಾಲಾಗಿ ಇರ್ತವೆ, ಯಾವ ಫೀಲ್ಡ್ ಬದಲಾಗಿದ್ದಕ್ಕೆ ಈ ಮೇಲ್ ಬಂತು ಅನ್ನೋದು ಕೂಡ ಗೊತ್ತಾಗುತ್ತೆ. ಕೋಡೂ ಟ್ರ್ಯಾಕರೂ ಒಂದೇ ಕಡೆ ಇರೋ ಗಿಟ್‌ಹಬ್‌ದು ಎಕ್ಸ್-ಗಿಟ್‌ಹಬ್-ರೀಸನ್, ಅದರಲ್ಲಿ ಆಥರ್, ಮೆನ್ಶನ್ (ನಿಮ್ಮ ಹೆಸರು ಎತ್ತಿದ್ದು), ಅಸೈನ್, ರಿವ್ಯೂ ರಿಕ್ವೆಸ್ಟೆಡ್, ಸಬ್‌ಸ್ಕ್ರೈಬ್ಡ್ (ಸುಮ್ನೆ ಗಮನಿಸ್ತಿರೋದು) ಅಂತ ಕಾರಣ ಬರ್ದಿರುತ್ತೆ. ಅದೇ ಥರದ ಗಿಟ್‌ಲ್ಯಾಬ್ ಕೂಡ ನೋಟಿಫಿಕೇಶನ್-ರೀಸನ್ ಅಂತ ಹಾಕುತ್ತೆ. ಸೀವ್ ಅನ್ನೋ ಫಿಲ್ಟರ್ ಭಾಷೆ ಬರೋ ಯಾವ ಮೇಲ್ ಸರ್ವರ್ ಇದ್ರೂ (2008ರಿಂದ ಆರ್‌ಎಫ್‌ಸಿ 5228 ಅನ್ನೋ ಇಂಟರ್ನೆಟ್ ಮಾನದಂಡ ಇದೆ, ಹೊಸದೇನಲ್ಲ) ನಾಲ್ಕು ಸಾಲು ಬರೆದ್ರೆ ಮುಗೀತು, ಸಬ್‌ಸ್ಕ್ರೈಬ್ಡ್ ಅಂತ ಬಂದಿದ್ದೆಲ್ಲ ಒಂದು ಫೋಲ್ಡರ್‌ಗೆ, ಮೆನ್ಶನ್ ಬಂದಿದ್ದು ಇನ್‌ಬಾಕ್ಸ್‌ಗೆ. ಪ್ರತಿಯೊಬ್ಬರಿಗೂ ಬೇಕಾಗಿರೋದು ಬೇರೆ, ಅದನ್ನ ಸೆಂಟ್ರಲ್ ಆಗಿ ಯಾಕೆ ತೀರ್ಮಾನ ಮಾಡ್ತೀರ.

---

ಪ್ಯಾಚ್‌ಪುಟ್ಟ

ಸೀವ್ ಅಂದ್ರೇನು ಅಂತ ಗೊತ್ತಿಲ್ದೇ ಇರೋರು ಲಿಸ್ಟ್‌ಗೆ ಸೇರೋದು ನಿಮ್ಗೆ ನೆನಪಿದೆಯಾ ಸಾರ್ 🙂

ಹೊಸಬರ ಕಡೆಯಿಂದ ಹೇಳ್ತೀನಿ. ಒಂದು ಪ್ರಾಜೆಕ್ಟ್‌ಗೆ ಏನಾದ್ರೂ ಮಾಡೋಣ ಅಂತ ಲಿಸ್ಟ್ ಸೇರ್ತೀವಿ, ಮಾರನೇ ದಿನ ಇನ್‌ಬಾಕ್ಸ್ ತೆಗೆದ್ರೆ ಬರೀ ಸ್ಟೇಟಸ್ ಬದಲಾವಣೆ, ಯಾರು ಯಾರು ಮಾತಾಡ್ತಿದ್ದಾರೆ ಅನ್ನೋದೇ ಗೊತ್ತಾಗಲ್ಲ, ಎಲ್ಲದರ ಮೇಲೂ ಒಂದೇ ಬಾಟ್ ಹೆಸರು. ಫಿಲ್ಟರ್ ಬರೆಯೋಕೆ ಮುಂಚೆ ಏನನ್ನ ಫಿಲ್ಟರ್ ಮಾಡ್ಬೇಕು ಅಂತ ಗೊತ್ತಿರ್ಬೇಕಲ್ವಾ, ಅದು ಗೊತ್ತಾಗೋಷ್ಟರಲ್ಲಿ ಜನ ಅನ್‌ಸಬ್‌ಸ್ಕ್ರೈಬ್ ಒತ್ತಿ ಹೋಗಿರ್ತಾರೆ. ಹಳಬರಿಗೆ ಅವರು ಹೋಗಿದ್ದೂ ಗೊತ್ತಾಗಲ್ಲ, ಯಾಕಂದ್ರೆ ಅವರು ಒಂದು ಮೇಲೂ ಬರೆದಿರಲ್ಲ.

ಇನ್ನೊಂದು, ಜಿಮೇಲ್‌ನಲ್ಲಿ ನಿಮ್ಮ ಎಕ್ಸ್-ಅದು-ಇದು ಹೆಡರ್ ಮೇಲೆ ಫಿಲ್ಟರ್ ಹಾಕೋಕೇ ಆಗಲ್ಲ. ಲಿಸ್ಟ್-ಐಡಿ (ಯಾವ ಲಿಸ್ಟ್ ಅನ್ನೋ ಗುರುತು) ಮೇಲೆ ಆಗುತ್ತೆ, ಫ್ರಮ್, ಟು, ಸಬ್ಜೆಕ್ಟ್ ಥರದ ಕೆಲವು ಮಾಮೂಲಿ ಹೆಡರ್ ಮೇಲೆ ಆಗುತ್ತೆ, ಅಷ್ಟೇ.

---

ಸೀವ್‌ಸಿದ್ದ

ಜಿಮೇಲ್‌ಗೆ ಅಂತಾನೇ ಗಿಟ್‌ಹಬ್‌ನೋರು ಕಾರಣವನ್ನ ಸಿಸಿ ವಿಳಾಸದಲ್ಲೂ ಹಾಕ್ತಾರೆ. ಮೆನ್ಶನ್ ಆದ್ರೆ ಸಿಸಿಯಲ್ಲಿ ಮೆನ್ಶನ್ ಅಂತ ಶುರುವಾಗೋ ನೋರಿಪ್ಲೈ ವಿಳಾಸ ಇರುತ್ತೆ, ಅದನ್ನ ಹಿಡಿದು ಫಿಲ್ಟರ್ ಮಾಡ್ಬಹುದು.

---

ಬೌನ್ಸ್‌ಬಾಬು

ಅದು ನೇರವಾಗಿ ನಿಮ್ಮ ಅಕೌಂಟ್‌ಗೆ ಬಂದ ಮೇಲ್‌ಗೆ ಮಾತ್ರ. ಇಲ್ಲಿ ಲಿಸ್ಟ್ ಮೂಲಕ ಬರ್ತಿದೆ, ಅಂದ್ರೆ ಲಿಸ್ಟ್‌ಗೆ ಅಂತ ಇರೋ ಒಂದು ಬಾಟ್ ಅಕೌಂಟ್ ಆ ರೆಪೊನ (ಪ್ರಾಜೆಕ್ಟ್ ಕೋಡ್ ಇರೋ ಜಾಗ) ವಾಚ್ ಮಾಡ್ತಿದೆ, ಆ ಬಾಟ್‌ಗೆ ಬಂದ ಮೇಲ್ ಎಲ್ಲರಿಗೂ ಹಂಚಿಕೆ ಆಗ್ತಿದೆ. ಹಾಗಾಗಿ ಕಾರಣ ಯಾವಾಗ್ಲೂ ಸಬ್‌ಸ್ಕ್ರೈಬ್ಡ್ ಅಂತಾನೇ ಇರುತ್ತೆ, ನಿಮ್ಮನ್ನ ಮೆನ್ಶನ್ ಮಾಡಿದ್ರೂ ಬಾಟ್ ದೃಷ್ಟಿಯಲ್ಲಿ ಅದು ಸಬ್‌ಸ್ಕ್ರೈಬ್ಡ್ ಅಷ್ಟೇ. ಲಿಸ್ಟ್-ಐಡಿ ಕೂಡ ಲಿಸ್ಟ್ ನಡೆಸೋ ಮೇಲ್‌ಮ್ಯಾನ್ ಸಾಫ್ಟ್‌ವೇರ್ ಕಿತ್ತು ತನ್ನದು ಹಾಕುತ್ತೆ, ರೆಪೊ ಹೆಸರಿನ ಐಡಿ ಹೋಗ್ಬಿಡುತ್ತೆ. ನಿಮ್ಮ ಫಿಲ್ಟರ್ ವಾದದಲ್ಲಿ ಅರ್ಧ ಇಲ್ಲೇ ಬಿದ್ದೋಯ್ತು.

ಮೇಲುಸ್ತುವಾರಿ ಅವ್ರೇ, ನಿಮ್ಮಲ್ಲಿ ಬಾಟ್ ಅಕೌಂಟ್ ಹೆಂಗಿದೆ ಅಂತ ಮೊದ್ಲು ಹೇಳಿ. ಲಿಸ್ಟ್ ವಿಳಾಸಾನೇ ಟ್ರ್ಯಾಕರ್‌ನಲ್ಲಿ ಯೂಸರ್ ಆಗಿ ರಿಜಿಸ್ಟರ್ ಮಾಡಿದ್ದೀರಾ?

---

ಮೇಲುಸ್ತುವಾರಿ

ಹೌದು. ಯಾರೋ ಹಿಂದಿನವರು ಮಾಡಿಟ್ಟು ಹೋಗಿದ್ದು. ಯಾಕೆ?

---

ಬೌನ್ಸ್‌ಬಾಬು

ಯಾಕಂದ್ರೆ ಬಾಗಿಲು ತೆಗೆದಿಟ್ಟಿದ್ದೀರ.

ಪಾಸ್‌ವರ್ಡ್ ಮರೆತೆ ಅಂತ ಯಾರಾದ್ರೂ ಆ ವಿಳಾಸ ಹಾಕಿ ಒತ್ತಿದ್ರೆ ರೀಸೆಟ್ ಲಿಂಕ್ ಎಲ್ಲಿಗೆ ಬರುತ್ತೆ? ಲಿಸ್ಟ್‌ಗೆ. ಲಿಸ್ಟ್ ಆರ್ಕೈವ್ (ಹಳೇ ಮೇಲ್‌ಗಳ ಸಂಗ್ರಹ) ಪಬ್ಲಿಕ್. ಮೊದ್ಲು ನೋಡಿದೋರು ಆ ಅಕೌಂಟ್ ಯಜಮಾನ. ಬಗ್‌ಜಿಲ್ಲಾದಲ್ಲಿ ಲಾಗಿನ್ ಮುಚ್ಚಿ ಮೇಲ್ ಮಾತ್ರ ಹೋಗೋ ಹಾಗೆ ಅಡ್ಮಿನ್ ಇಡ್ಬಹುದು, ಅದನ್ನ ಇವತ್ತೇ ಮಾಡಿ. ಗಿಟ್‌ಹಬ್ ಥರದ್ದಾದ್ರೆ ಬಾಟ್‌ಗೆ ಖಾಸಗಿ ವಿಳಾಸ ಕೊಟ್ಟು, ಅಲ್ಲಿಂದ ನೋಟಿಫಿಕೇಶನ್ ಮಾತ್ರ ಆರಿಸಿ ಲಿಸ್ಟ್‌ಗೆ ಫಾರ್ವರ್ಡ್ ಆಗೋ ಹಾಗೆ ಮಾಡಿ, ಅಕೌಂಟ್‌ಗೆ ಸಂಬಂಧಪಟ್ಟಿದ್ದು ಯಾವುದೂ ಹೊರಗೆ ಹೋಗ್ಬಾರ್ದು.

ಅಷ್ಟಕ್ಕೇ ಮುಗಿಯಲ್ಲ. ಗಿಟ್‌ಹಬ್ ಮೇಲ್‌ನ ರಿಪ್ಲೈ-ಟು ವಿಳಾಸದಲ್ಲಿ (ಉತ್ತರ ಹೋಗೋ ವಿಳಾಸ) ಒಂದು ಉದ್ದದ ಟೋಕನ್, ಅಂದ್ರೆ ಗುರುತಿನ ಸಂಕೇತ ಇರುತ್ತೆ, ಆ ಟೋಕನ್ ಬಾಟ್ ಅಕೌಂಟ್‌ದು. ಅದಕ್ಕೆ ಉತ್ತರ ಹಾಕಿದ್ರೆ ಕಾಮೆಂಟ್ ಬಾಟ್ ಹೆಸರಲ್ಲಿ ಬೀಳುತ್ತೆ, ಬರೆದೋರು ಯಾರು ಅಂತ ಇಶ್ಯೂ ಓದೋರಿಗೆ ಗೊತ್ತೇ ಆಗಲ್ಲ. ಕೆಳಗೆ ಅನ್‌ಸಬ್‌ಸ್ಕ್ರೈಬ್ ಲಿಂಕ್ ಇರುತ್ತಲ್ಲ, ಅದನ್ನ ಯಾರೋ ಒಬ್ಬ ಪಾಪ ನಂಗೆ ಬೇಡ ಅಂತ ಒತ್ತಿದ್ರೆ ಬಾಟ್‌ನೇ ಆ ಇಶ್ಯೂ ಇಂದ ಹೊರಗೆ, ಅಂದ್ರೆ ಇಡೀ ಲಿಸ್ಟ್‌ಗೆ ಆ ಇಶ್ಯೂ ಮೇಲ್ ನಿಂತೋಯ್ತು. ಎಷ್ಟೋ ಕಡೆ "ಈ ಬಗ್ ಬಗ್ಗೆ ಮೇಲೇ ಬರ್ಲಿಲ್ಲವಲ್ಲ" ಅನ್ನೋದರ ಹಿಂದೆ ಇದೇ ಇರುತ್ತೆ, ಯಾರೂ ಹುಡುಕಲ್ಲ.

---

ಪ್ಯಾಚ್‌ಪುಟ್ಟ

ಅಯ್ಯಪ್ಪಾ. ಆ ಲಿಂಕ್ ಒತ್ತೋದು ನಮ್ಮಂಥ ಹೊಸಬರೇ.

---

ಹಳೇಡಿಫ್

ತಡವಾಗಿ ಬಂದೆ, ಉದ್ದ ಬರೀತೀನಿ, ಕ್ಷಮಿಸಿ.

ಈ ಗಲಾಟೆ ನಿಮ್ಮದೊಂದೇ ಪ್ರಾಜೆಕ್ಟ್‌ದಲ್ಲ, ದೊಡ್ಡ ಪ್ರಾಜೆಕ್ಟ್‌ಗಳೆಲ್ಲ ಇದನ್ನ ದಾಟಿ ಬಂದಿದಾವೆ. ಜಿಸಿಸಿ ಅನ್ನೋ ಕಂಪೈಲರ್ ಪ್ರಾಜೆಕ್ಟ್ ನೋಡಿ, ಬಗ್‌ಜಿಲ್ಲಾ ಮೇಲ್‌ಗೆ ಅಂತ ಜಿಸಿಸಿ-ಬಗ್ಸ್ ಬೇರೆ, ಪ್ಯಾಚ್‌ಗೆ (ಕೋಡ್ ತಿದ್ದುಪಡಿಗೆ) ಜಿಸಿಸಿ-ಪ್ಯಾಚಸ್ ಬೇರೆ, ಮಾತುಕತೆಗೆ ಜಿಸಿಸಿ ಅಂತ ಬೇರೆ. ಅಪಾಚೆ ಸಂಸ್ಥೆಯ ಪ್ರಾಜೆಕ್ಟ್‌ಗಳಲ್ಲಿ ಡೆವ್, ಯೂಸರ್, ಕಮಿಟ್ಸ್, ಇಶ್ಯೂಸ್ ಅಂತ ಇಡೋದು ರೂಢಿ, ಈಗ ರೆಪೊದಲ್ಲೇ ಒಂದು ಡಾಟ್ ಎಎಸ್‌ಎಫ್ ಡಾಟ್ ಯಾಮಲ್ ಫೈಲ್ ಇಟ್ಟು ಕಮಿಟ್ (ಸೇರಿಸಿದ ಕೋಡ್ ಬದಲಾವಣೆ) ಮೇಲ್ ಇಲ್ಲಿಗೆ, ಇಶ್ಯೂ ಅಲ್ಲಿಗೆ, ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿ ಅನ್ನೋ ಕೋರಿಕೆ) ಇನ್ನೊಂದು ಕಡೆಗೆ ಅಂತ ಬರೆದ್ರೆ ಸಾಕು, ಹಾಗೇ ಹೋಗುತ್ತೆ. ಅಲ್ಲಿ ಇನ್ನೊಂದು ಮಾತು ಚಾಲ್ತಿಯಲ್ಲಿದೆ, ಲಿಸ್ಟ್‌ನಲ್ಲಿ ಆಗದೇ ಇರೋದು ಆಗೇ ಇಲ್ಲ ಅಂತ. ಟ್ರ್ಯಾಕರ್ ಕಾಮೆಂಟ್‌ನಲ್ಲಿ ನಾಲ್ಕು ಜನ ಸೇರಿ ಏನೋ ತೀರ್ಮಾನ ಮಾಡ್ಕೊಂಡ್ರೆ ಅದನ್ನ ಡೆವ್ ಲಿಸ್ಟ್‌ಗೆ ತರ್ಬೇಕು ಅನ್ನೋದು ಆ ಮಾತಿನ ಅರ್ಥ.

ಆದ್ರೆ ನಂಗೆ ಹಿಡಿಸಿದ್ದು ಪೈಥಾನ್‌ನೋರು ಬಗ್ಸ್ ಡಾಟ್ ಪೈಥಾನ್ ಡಾಟ್ ಆರ್ಗ್ ಕಾಲದಲ್ಲಿ ಮಾಡಿದ್ದು. ಅದು ರೌಂಡಪ್ ಅನ್ನೋ ಟ್ರ್ಯಾಕರ್ ಮೇಲೆ ಓಡ್ತಿತ್ತು, 2022ರಲ್ಲಿ ಗಿಟ್‌ಹಬ್‌ಗೆ ಹೋಯ್ತು. ಅಲ್ಲಿ ಎರಡು ಲಿಸ್ಟ್ ಇತ್ತು, ಒಂದರಲ್ಲಿ ಎಲ್ಲಾ ಬದಲಾವಣೆ, ಕಾಮೆಂಟು, ಸ್ಟೇಟಸ್ಸು, ಪೂರ್ತಿ ಪ್ರವಾಹ. ಇನ್ನೊಂದು ನ್ಯೂ-ಬಗ್ಸ್-ಅನೌನ್ಸ್, ಅದಕ್ಕೆ ಹೊಸ ಇಶ್ಯೂ ತೆರೆದಾಗ ಒಂದೇ ಮೇಲ್, ಮುಂದೆ ಆ ಇಶ್ಯೂನಲ್ಲಿ ಏನೇ ಕುಸ್ತಿ ನಡೆದ್ರೂ ಅಲ್ಲಿಗೆ ಬರ್ತಿರ್ಲಿಲ್ಲ. ಅದರ ಜೊತೆಗೆ ಪೈಥಾನ್-ಡೆವ್ ಅನ್ನೋ ಚರ್ಚೆಯ ಲಿಸ್ಟ್‌ಗೆ ವಾರಕ್ಕೊಂದು ಸಾರಾಂಶ, ಎಷ್ಟು ತೆರೆದಿದೆ ಎಷ್ಟು ಮುಚ್ಚಿದೆ, ಈ ವಾರ ತೆರೆದಿದ್ದು ಯಾವುವು ಅಂತ, ಮಷೀನೇ ಬರೆದಿದ್ದು.

ನೋಡಿ, ಇಶ್ಯೂ ತೆರೆದ ಮೇಲ್‌ಗೂ ಅದರ ನಂತರದ ಮೇಲ್‌ಗಳಿಗೂ ಓದುಗರೇ ಬೇರೆ. ಹೊಸ ಇಶ್ಯೂ ಬಂತು ಅನ್ನೋದು ಎಲ್ಲರಿಗೂ ಸುದ್ದಿ, ಅಲ್ಲಿಂದಾಚೆ ಅದು ಆ ಇಶ್ಯೂನಲ್ಲಿ ಕೈ ಹಾಕಿದ ಮೂರು ನಾಲ್ಕು ಜನರ ಕೆಲಸ. ನೀವು ಎಲ್ಲಾನೂ ಬೇರೆ ಲಿಸ್ಟ್‌ಗೆ ತಳ್ಳಿದ್ರೆ ಮೊದಲ ಮೇಲೂ ಹೋಗ್ಬಿಡುತ್ತೆ, ಆ ಬೇರೆ ಲಿಸ್ಟನ್ನ ಆರು ತಿಂಗಳಾದ್ಮೇಲೆ ಯಾರೂ ಓದಲ್ಲ, ಬಗ್ ಹಾಕಿದೋರು ಉತ್ತರ ಇಲ್ದೇ ಕಾಯ್ತಾ ಕೂತಿರ್ತಾರೆ. ಎಲ್ಲಾನೂ ಇಲ್ಲೇ ಬಿಟ್ರೆ ಚರ್ಚೆ ಸಾಯುತ್ತೆ. ಅದಕ್ಕೇ ಹೊಸ ಇಶ್ಯೂ ಮೇಲ್ ಮಾತ್ರ ಚರ್ಚೆಯ ಲಿಸ್ಟ್‌ಗೆ, ಉಳಿದ ಸಮಸ್ತವೂ ಬೇರೆ ಲಿಸ್ಟ್‌ಗೆ. ನನ್ನ ಮತ ಇಷ್ಟೇ.

---

ಸೀವ್‌ಸಿದ್ದ

ಹೇಳೋಕೆ ಸುಲಭ. ಗಿಟ್‌ಹಬ್ ವಾಚ್‌ನಲ್ಲಿ ಕಸ್ಟಮ್ ಅಂತ ಇದೆ, ಇಶ್ಯೂಸ್, ಪುಲ್ ರಿಕ್ವೆಸ್ಟ್ಸ್, ರಿಲೀಸಸ್ ಅಂತ ಆರಿಸ್ಬಹುದು, ಆದ್ರೆ ಇಶ್ಯೂಸ್ ಅಂದ್ರೆ ತೆರೆದಿದ್ದೂ ಬರುತ್ತೆ ಎಲ್ಲಾ ಕಾಮೆಂಟೂ ಬರುತ್ತೆ. ತೆರೆದಿದ್ದು ಮಾತ್ರ ಅಂತ ಆಯ್ಕೆ ಇಲ್ಲ.

---

ಹಳೇಡಿಫ್

ವಾಚ್ ಬಿಟ್ಬಿಡಿ, ವೆಬ್‌ಹುಕ್ ಹಿಡೀರಿ, ಅಂದ್ರೆ ಏನಾದ್ರೂ ಆದ ತಕ್ಷಣ ಟ್ರ್ಯಾಕರ್ ನಮ್ಮ ಪ್ರೋಗ್ರಾಂಗೆ ಕಳಿಸೋ ಸುದ್ದಿ. ಇಶ್ಯೂ ಈವೆಂಟ್‌ನಲ್ಲಿ ಆಕ್ಷನ್ ಅಂತ ಫೀಲ್ಡ್ ಬರುತ್ತೆ, ಓಪನ್ಡ್, ಕ್ಲೋಸ್ಡ್, ರೀಓಪನ್ಡ್, ಲೇಬಲ್ಡ್, ಅಸೈನ್ಡ್ ಹೀಗೆ. ಓಪನ್ಡ್ ಆಗಿದ್ರೆ ಮಾತ್ರ ಒಂದು ಮೇಲ್ ಕಟ್ಟಿ ಕಳಿಸೋ ಸಣ್ಣ ಸ್ಕ್ರಿಪ್ಟ್, ಸ್ಕ್ರಿಪ್ಟ್ ಓಡಿಸೋಕೆ ಅಂತಾನೇ ಇರೋ ಗಿಟ್‌ಹಬ್ ಆಕ್ಷನ್ಸ್‌ನಲ್ಲೇ ಓಡಿಸ್ಬಹುದು, ಇಶ್ಯೂಸ್‌ನ ಓಪನ್ಡ್ ಟೈಪ್‌ಗೆ ಮಾತ್ರ ಟ್ರಿಗರ್ ಕೊಡಿ. ಇದರಿಂದ ಬೌನ್ಸ್‌ಬಾಬು ಹೇಳಿದ ಟೋಕನ್ ತೊಂದರೆ, ಅನ್‌ಸಬ್‌ಸ್ಕ್ರೈಬ್ ಲಿಂಕ್ ತೊಂದರೆ ಎರಡೂ ಹೋಗುತ್ತೆ, ಮೇಲ್ ನಮ್ಮದೇ ಅಲ್ವಾ, ಏನು ಬೇಕೋ ಅದನ್ನ ಬರೀತೀವಿ.

ಬೇರೆ ಟ್ರ್ಯಾಕರ್ ಆದ್ರೆ ಇಷ್ಟು ಕಷ್ಟಾನೂ ಇಲ್ಲ. ಗಿಟ್‌ಲ್ಯಾಬ್‌ನ ಕಸ್ಟಮ್ ಲೆವೆಲ್‌ನಲ್ಲಿ ಹೊಸ ಇಶ್ಯೂ ಅಂತ ಪ್ರತ್ಯೇಕ ಟಿಕ್ ಇದೆ. ಬಗ್‌ಜಿಲ್ಲಾದಲ್ಲಿ ಪ್ರತಿ ಅಕೌಂಟ್‌ಗೂ ಒಂದು ದೊಡ್ಡ ಟಿಕ್ ಕೋಷ್ಟಕ ಇರುತ್ತೆ, ಸಿಸಿ ಬದಲಾದ್ರೆ ಬೇಡ, ಕೀವರ್ಡ್ ಬದಲಾದ್ರೆ ಬೇಡ, ಹೊಸ ಬಗ್ ಬೇಕು ಅಂತ ಹಾಕ್ಬಹುದು. ಜಿರಾ ಅನ್ನೋ ಟ್ರ್ಯಾಕರ್‌ನಲ್ಲಿ ನೋಟಿಫಿಕೇಶನ್ ಸ್ಕೀಮ್ ಇದೆ, ಒಂದು ಕಡೆ ಈವೆಂಟ್‌ಗಳು, ಅದರ ಎದುರಿಗೆ ಯಾರಿಗೆ ಅಂತ, ಇಶ್ಯೂ ಕ್ರಿಯೇಟೆಡ್ ಎದುರಿಗೆ ಮಾತ್ರ ಲಿಸ್ಟ್ ವಿಳಾಸ ಹಾಕಿ ಉಳಿದ ಕಡೆ ತೆಗೆದ್ರೆ ಆಯ್ತು. ಎಲ್ಲದರಲ್ಲೂ ಇದೆ, ಯಾರೂ ಆ ಪುಟ ತೆಗೆದು ನೋಡಲ್ಲ ಅಷ್ಟೇ.

---

ರೆಫರೆನ್ಸ್‌ರಾಯ

ಉತ್ತರ ಎಲ್ಲಿ ಬರೀಬೇಕು ಅನ್ನೋದನ್ನ ಯಾರೂ ಮುಟ್ಟಿಲ್ಲ, ಅಸಲಿ ನೋವು ಅಲ್ಲಿದೆ.

ಹೊಸ ಇಶ್ಯೂ ಮೇಲ್ ಲಿಸ್ಟ್‌ಗೆ ಬಂತು ಅನ್ಕೊಳ್ಳಿ. ಮೇಲ್‌ನಲ್ಲೇ ಬದುಕೋರು ಅಲ್ಲೇ ರಿಪ್ಲೈ ಒತ್ತಿ ಚೆನ್ನಾಗಿ ನಾಲ್ಕು ಪ್ಯಾರಾ ಬರೀತಾರೆ, ಅದು ಟ್ರ್ಯಾಕರ್‌ಗೆ ಹೋಗಲ್ಲ. ಟ್ರ್ಯಾಕರ್‌ನಲ್ಲಿ ಇರೋರು ಅದೇ ಪ್ರಶ್ನೆ ಮತ್ತೆ ಕೇಳ್ತಾರೆ, ಬಗ್ ಹಾಕಿದ ವ್ಯಕ್ತಿ ಲಿಸ್ಟ್‌ನಲ್ಲೇ ಇಲ್ಲ, ಅವರಿಗೆ ಆ ಉತ್ತರ ಕಾಣಲ್ಲ. ಎತ್ತು ಏರಿಗೆ ಕೋಣ ನೀರಿಗೆ. ಆಮೇಲೆ ಒಂದು ವರ್ಷ ಬಿಟ್ಟು ಯಾಕೆ ಹೀಗೆ ಮಾಡಿದ್ರು ಅಂತ ಹುಡುಕಿದ್ರೆ ಇಶ್ಯೂನಲ್ಲಿ "ಲಿಸ್ಟ್‌ನಲ್ಲಿ ಮಾತಾಡಿದಂತೆ ಮುಚ್ಚಲಾಗಿದೆ" ಅಂತ ಒಂದು ಸಾಲು, ಯಾವ ತಿಂಗಳು ಯಾವ ಥ್ರೆಡ್ (ಒಂದು ವಿಷಯದ ಮೇಲ್ ಸರಣಿ) ಅಂತ ಇರಲ್ಲ.

ಡೆಬಿಯನ್ ಅನ್ನೋ ಲಿನಕ್ಸ್ ಪ್ರಾಜೆಕ್ಟ್‌ನಲ್ಲಿ ಈ ಜಗಳವೇ ಇಲ್ಲ, ಯಾಕಂದ್ರೆ ಅಲ್ಲಿ ಇಮೇಲೇ ಟ್ರ್ಯಾಕರ್. ಪ್ರತಿ ಬಗ್‌ಗೂ ತನ್ನದೇ ವಿಳಾಸ, ಆ ನಂಬರ್‌ಗೆ ಬರೆದಿದ್ದೆಲ್ಲ ಬಗ್‌ನಲ್ಲಿ ದಾಖಲಾಗುತ್ತೆ, ನಂಬರ್ ಜೊತೆ ಡನ್ ಅಂತ ಸೇರಿಸಿ ಕಳಿಸಿದ್ರೆ ಬಗ್ ಮುಚ್ಚುತ್ತೆ, ಕ್ವೈಟ್ ಅಂತ ಸೇರಿಸಿದ್ರೆ ದಾಖಲಾಗುತ್ತೆ ಆದ್ರೆ ಯಾರಿಗೂ ಮೇಲ್ ಹೋಗಲ್ಲ. ಆ ಕ್ವೈಟ್ ನಂಗೆ ತುಂಬಾ ಇಷ್ಟ, ಎಲ್ಲಾ ಟ್ರ್ಯಾಕರ್‌ನಲ್ಲೂ ಇರ್ಬೇಕಿತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನೋರಂತೂ ಟ್ರ್ಯಾಕರ್ರೇ ಇಟ್ಟಿಲ್ಲ, ಫಾರ್ಮ್ ತುಂಬಿದ್ರೆ ಬಗ್ ಅಂತ ಒಂದು ನಂಬರ್ ಹಾಕಿ ಪಿಜಿಎಸ್‌ಕ್ಯೂಎಲ್-ಬಗ್ಸ್ ಲಿಸ್ಟ್‌ಗೆ ಮೇಲ್ ಬೀಳುತ್ತೆ, ಮುಂದೆ ಎಲ್ಲಾ ಮೇಲ್‌ನಲ್ಲೇ.

ನಾವು ಆ ಮಟ್ಟಕ್ಕೆ ಹೋಗೋಕಾಗಲ್ಲ, ಆದ್ರೆ ಒಂದು ಮಾಡ್ಬಹುದು. ಹೊಸ ಇಶ್ಯೂ ಮೇಲ್‌ನ ಮೊದಲ ಸಾಲಲ್ಲೇ, ಕೊನೇಲಲ್ಲ, ಮೊದಲ ಸಾಲಲ್ಲಿ, ಉತ್ತರ ಇಲ್ಲಿ ಬರೀರಿ ಅಂತ ಇಶ್ಯೂ ಲಿಂಕ್ ಹಾಕಿ. ರಿಪ್ಲೈ-ಟು ಮಾತ್ರ ಲಿಸ್ಟ್‌ಗೆ ಇಡ್ಬೇಡಿ.

---

ಸೀವ್‌ಸಿದ್ದ

> ರಿಪ್ಲೈ-ಟು ಮಾತ್ರ ಲಿಸ್ಟ್‌ಗೆ ಇಡ್ಬೇಡಿ

ಇದನ್ನ ಒಪ್ಪಲ್ಲ. ಇಶ್ಯೂ ನೋಡಿ "ಇದು ಒಂದೇ ಬಗ್ ಅಲ್ಲ, ಇಡೀ ಮಾಡ್ಯೂಲ್ ವಿನ್ಯಾಸಾನೇ ತಪ್ಪಿದೆ" ಅಂತ ಅನ್ನಿಸಿದ್ರೆ ಅದನ್ನ ಲಿಸ್ಟ್‌ನಲ್ಲೇ ಎತ್ತಬೇಕು, ಇಶ್ಯೂ ಕಾಮೆಂಟ್‌ನಲ್ಲಲ್ಲ. ಒಳ್ಳೇ ಚರ್ಚೆ ಎಷ್ಟೋ ಸಲ ಹುಟ್ಟೋದೇ ಹೀಗೆ ಬಗ್ ಮೇಲ್‌ಗೆ ಯಾರೋ ಒಬ್ರು ಲಿಸ್ಟ್‌ನಲ್ಲಿ ರಿಪ್ಲೈ ಹಾಕಿದಾಗ. ಅದನ್ನ ಮುಚ್ಚಿದ್ರೆ ಲಿಸ್ಟ್ ಬರೀ ನೋಟೀಸ್ ಬೋರ್ಡ್.

---

ರೆಫರೆನ್ಸ್‌ರಾಯ

ಸರಿ, ಅದು ನ್ಯಾಯವಾದ ಮಾತು. ಹಾಗಾದ್ರೆ ಹೊಸ ಸಬ್ಜೆಕ್ಟ್ ಹಾಕಿ ಬರೀಲಿ, ಬಾಟ್ ಮೇಲ್‌ಗೆ ರಿಪ್ಲೈ ಅಂತ ಬೇಡ. ಸಬ್ಜೆಕ್ಟ್‌ನಲ್ಲೇ ವಿನ್ಯಾಸದ ಮಾತು ಅಂತ ಗೊತ್ತಾಗ್ಲಿ.

ಥ್ರೆಡ್ಡಿಂಗ್ ಬಗ್ಗೆ ಹೇಳ್ಲೇಬೇಕಾದ್ದು ಒಂದಿದೆ, ಬೇರೆ ಲಿಸ್ಟ್‌ಗೆ ಹೋಗೋ ಮೇಲ್‌ಗಳಿಗೆ ಇದು ಮುಖ್ಯ. ಗಿಟ್‌ಹಬ್ ಮೇಲ್‌ಗಳಲ್ಲಿ ಮೆಸೇಜ್-ಐಡಿ (ಆ ಮೇಲ್‌ನ ಗುರುತು) ಇಶ್ಯೂ ನಂಬರ್ ಇಂದಾನೇ ಕಟ್ಟಿರ್ತಾರೆ, ಕಾಮೆಂಟ್ ಮೇಲ್‌ಗಳು ಇನ್-ರಿಪ್ಲೈ-ಟು (ಯಾವ ಮೇಲ್‌ಗೆ ಉತ್ತರ ಅನ್ನೋ ಹೆಡರ್) ನಲ್ಲಿ ಅದನ್ನ ತೋರಿಸ್ತವೆ, ಹಾಗಾಗಿ ಒಂದು ಇಶ್ಯೂ ಒಂದು ಥ್ರೆಡ್ ಆಗಿ ಕೂರುತ್ತೆ. ಅಪಾಚೆಯಲ್ಲಿ ಜಿರಾ ಮೇಲ್‌ಗಳ ಸಬ್ಜೆಕ್ಟ್‌ನಲ್ಲೇ ಕ್ರಿಯೇಟೆಡ್, ಕಾಮೆಂಟೆಡ್, ರಿಸಾಲ್ವ್ಡ್ ಅಂತ ಬದಲಾಗ್ತಾ ಬರುತ್ತೆ, ಸಬ್ಜೆಕ್ಟ್ ನೋಡಿ ಫಿಲ್ಟರ್ ಮಾಡೋಕೆ ಬಹಳ ಅನುಕೂಲ, ಆದ್ರೆ ಸಬ್ಜೆಕ್ಟ್ ಬದಲಾದ್ರೆ ಕೆಲವು ಮೇಲ್ ಪ್ರೋಗ್ರಾಂಗಳು ಹೊಸ ಸಂಭಾಷಣೆ ಅಂತ ಒಡೆದುಬಿಡಬಹುದು, ಆಗ ಒಂದೇ ಇಶ್ಯೂ ನಾಲ್ಕೈದು ಕಡೆ ಚೆಲ್ಲಾಪಿಲ್ಲಿ. ಇಶ್ಯೂ ಟೈಟಲ್ ತಿದ್ದಿದ್ರೂ ಅದೇ ಕಥೆ. ನೀವೇ ಸ್ಕ್ರಿಪ್ಟ್ ಬರೀತೀರ ಅಂದ್ರೆ ಸಬ್ಜೆಕ್ಟ್‌ನಲ್ಲಿ ಇಶ್ಯೂ ನಂಬರು, ಮೊದಲ ಟೈಟಲ್ಲು, ಅಷ್ಟೇ ಇರ್ಲಿ, ಯಾವ ಕ್ರಿಯೆ ಅನ್ನೋದನ್ನ ಹೆಡರ್‌ನಲ್ಲಿ ಹಾಕಿ.

ಇನ್ನು ಮೇಲ್‌ನಲ್ಲೇ ಓದೋರು ನೆನಪಿಡಿ, ಗಿಟ್‌ಹಬ್‌ನಲ್ಲಿ ಕಾಮೆಂಟ್ ತಿದ್ದಿದ್ರೆ ಆ ತಿದ್ದುಪಡಿ ಮೇಲ್‌ಗೆ ಬರಲ್ಲ. ನೀವು ಓದ್ತಿರೋದು ಅವರು ಸಿಟ್ಟಲ್ಲಿ ಮೊದಲು ಬರೆದಿದ್ದು, ಅವರು ಅಷ್ಟೊತ್ತಿಗೆ ತಣ್ಣಗಾಗಿ ತಿದ್ದಿರ್ತಾರೆ 😄

---

ಟ್ರಯಾಜ್‌ತಾಯಿ

ಬಂದ ಇಶ್ಯೂಗಳನ್ನ ವಿಂಗಡಿಸೋ ಟ್ರಯಾಜ್ ಕೆಲಸ ಮಾಡೋಳು ನಾನು, ಅಂದ್ರೆ ನಿಮ್ಮೆಲ್ಲರ ಇನ್‌ಬಾಕ್ಸ್ ಹಾಳು ಮಾಡೋ ಕೆಲಸ ನಂದೇ, ಬೈಯೋಕೆ ಮುಂಚೆ ಕೇಳಿ.

ರಿಲೀಸ್ ಆದ ಮೇಲೆ ಉಳಿದ ಟಿಕೆಟ್‌ಗಳನ್ನೆಲ್ಲ (ಅಂದ್ರೆ ಇಶ್ಯೂಗಳನ್ನೆಲ್ಲ) ಮುಂದಿನ ಮೈಲ್‌ಸ್ಟೋನ್‌ಗೆ ಸರಿಸೋದು ಮಾಮೂಲಿ ಕೆಲಸ. ಒಂದು ಪ್ರಾಜೆಕ್ಟ್‌ನಲ್ಲಿ ಹೀಗೆ ಒಟ್ಟಿಗೆ ಸರಿಸಿದಾಗ ಪ್ರತಿ ಟಿಕೆಟ್‌ಗೆ ಒಂದೊಂದು ಮೇಲ್ ಲಿಸ್ಟ್‌ಗೆ ಹೋಗಿ ಜನ ದಂಗೆ ಎದ್ದರು. ಬೇಜಾರಾಗಿ ಅಲ್ಲಿಂದಾಚೆ ಆ ಟ್ರಯಾಜ್ ತಂಡ ಟಿಕೆಟ್ ಮುಟ್ಟೋದನ್ನೇ ಕಮ್ಮಿ ಮಾಡ್ಬಿಟ್ರು, ಹಳೇ ಟಿಕೆಟ್‌ಗಳು ತಪ್ಪು ಸ್ಟೇಟಸ್‌ನಲ್ಲೇ ಕೊಳೀತಾ ಬಿದ್ದಿವೆ. ಇದನ್ನ ಯಾರೂ ಲೆಕ್ಕ ಹಾಕಲ್ಲ. ಮೇಲ್ ಜಾಸ್ತಿ ಆದ್ರೆ ಓದೋರಿಗೆ ಮಾತ್ರ ತೊಂದರೆ ಅಲ್ಲ, ಟ್ರ್ಯಾಕರ್ ಚೊಕ್ಕಟ ಇಡೋರ ಕೈಯೂ ಕಟ್ಟಿಹೋಗುತ್ತೆ, ಒಂದು ಕಾಗುಣಿತ ತಿದ್ದೋಕೂ ಹಿಂದೆ ಮುಂದೆ ನೋಡ್ತೀವಿ.

ಜಿರಾದಲ್ಲಿ ಬಲ್ಕ್ ಚೇಂಜ್ ಮಾಡುವಾಗ ಮೇಲ್ ಕಳಿಸ್ಬೇಕಾ ಅಂತ ಒಂದು ಟಿಕ್ ಬರುತ್ತೆ, ಅದನ್ನ ತೆಗೆದು ಮುಂದುವರೀರಿ. ಈಚಿನ ಬಗ್‌ಜಿಲ್ಲಾದಲ್ಲಿ ಮೈನರ್ ಅಪ್‌ಡೇಟ್ ಅಂತ ಬಂದಿದೆ, ಅದೂ ಅದಕ್ಕೇ. ಗಿಟ್‌ಹಬ್‌ನಲ್ಲಿ ಲೇಬಲ್ ಹಾಕಿದ್ರೆ ಮೇಲ್ ಹೋಗಲ್ಲ, ಅದೊಂದು ಪುಣ್ಯ, ಹಾಗಾಗಿ ಅಲ್ಲಿ ಟ್ರಯಾಜ್ ಮಾಡೋದು ಹಾಯಾಗಿರುತ್ತೆ. ನಾನು ಗಿಟ್‌ಹಬ್‌ನಲ್ಲಿ ಆದಷ್ಟು ಎಲ್ಲಾನೂ ಲೇಬಲ್‌ನಲ್ಲೇ ಹೇಳ್ತೀನಿ, ಕಾಮೆಂಟ್ ಬರೆಯೋದು ನಿಜವಾಗ್ಲೂ ಯಾರಿಂದಾದ್ರೂ ಉತ್ತರ ಬೇಕಾದಾಗ ಮಾತ್ರ.

ಆ ಸ್ಟೇಲ್ ಬಾಟ್ ಬಗ್ಗೆ ಕೇಳಲೇಬೇಡಿ. ಇಷ್ಟು ದಿನದಿಂದ ಯಾರೂ ಮಾತಾಡಿಲ್ಲ ಅಂತ ಒಂದು ಕಾಮೆಂಟ್, ಆಮೇಲೆ ಮುಚ್ಚಿದೆ ಅಂತ ಇನ್ನೊಂದು, ನಡುವೆ ಯಾರೋ ಪಾಪ ಇನ್ನೂ ಬಗ್ ಇದೆ ಅಂತ ಮೂರನೇದು. ಯಾವ ಕೆಲಸಾನೂ ಆಗ್ದೇ ಮೂರು ಮೇಲ್.

---

ಪ್ಯಾಚ್‌ಪುಟ್ಟ

ಲೇಬಲ್ ಬಗ್ಗೆ ಮಾತು ಬಂತಲ್ಲ, ನಂಗೆ ಪಾರ್ಸರ್ ಅನ್ನೋ ಒಂದು ಭಾಗದ ಇಶ್ಯೂ ಮಾತ್ರ ನೋಡ್ಬೇಕು ಅಂತ ಇದ್ರೆ? ಎಲ್ಲಾ ಹೊಸ ಇಶ್ಯೂನೂ ಓದ್ಬೇಕಾ?

---

ಹಳೇಡಿಫ್

ಎಲ್‌ಎಲ್‌ವಿಎಂ ಅನ್ನೋ ಕಂಪೈಲರ್ ಪ್ರಾಜೆಕ್ಟ್‌ನೋರು ಬಗ್‌ಜಿಲ್ಲಾ ಬಿಟ್ಟು ಗಿಟ್‌ಹಬ್‌ಗೆ ಬಂದಾಗ ಇದೇ ಪ್ರಶ್ನೆ ಎದುರಾಯ್ತು, ಬಗ್‌ಜಿಲ್ಲಾದಲ್ಲಿ ಕಾಂಪೊನೆಂಟ್‌ಗೆ (ಪ್ರಾಜೆಕ್ಟ್‌ನ ಒಂದೊಂದು ಭಾಗಕ್ಕೆ) ತಾನಾಗೇ ಸಿಸಿ ಹಾಕೋ ಸೌಲಭ್ಯ ಇತ್ತು, ಗಿಟ್‌ಹಬ್‌ನಲ್ಲಿ ಇಲ್ಲ. ಅವರು ಲೇಬಲ್‌ಗೊಂದು ಟೀಮ್ ಮಾಡಿದ್ರು, ಇಶ್ಯೂ-ಸಬ್‌ಸ್ಕ್ರೈಬರ್ಸ್ ಅಂತ ಶುರುವಾಗೋ ಹೆಸರಿನ ಟೀಮ್‌ಗಳು, ಯಾರಿಗೆ ಆಸಕ್ತಿ ಇದೆಯೋ ಅವರು ಆ ಟೀಮ್ ಸೇರ್ತಾರೆ, ಲೇಬಲ್ ಬಿದ್ದ ತಕ್ಷಣ ಬಾಟ್ ಆ ಟೀಮ್‌ನ ಮೆನ್ಶನ್ ಮಾಡುತ್ತೆ, ಅವರಿಗೆ ಮಾತ್ರ ಮೇಲ್. ಗಿಟ್‌ಲ್ಯಾಬ್‌ನಲ್ಲಿ ಇಷ್ಟೂ ಬೇಡ, ಲೇಬಲ್‌ಗೇ ಸಬ್‌ಸ್ಕ್ರೈಬ್ ಆಗ್ಬಹುದು.

---

ಬೌನ್ಸ್‌ಬಾಬು

ಸ್ಕ್ರಿಪ್ಟ್ ಬರೆಯೋರಿಗೆ ಮೇಲ್ ಕಡೆಯಿಂದ ನಂದು ಕೆಲವು ಬೇಡಿಕೆ, ಯಾಕಂದ್ರೆ ಆಮೇಲೆ ಬೈಸ್ಕೊಳ್ಳೋದು ನಾವು.

ಆಟೋ-ಸಬ್ಮಿಟೆಡ್ ಹೆಡರ್ ಹಾಕಿ, ಅದರಲ್ಲಿ ಆಟೋ-ಜನರೇಟೆಡ್ ಅಂತ ಬರೀರಿ. ಆರ್‌ಎಫ್‌ಸಿ 3834, 2004ರದ್ದು. ಇದಿಲ್ದೇ ಇದ್ರೆ ರಜೆಯಲ್ಲಿ ಇರೋರ ಆಟೋ ರಿಪ್ಲೈ ಬಾಟ್‌ಗೆ ಉತ್ತರ ಕೊಡುತ್ತೆ, ಟ್ರ್ಯಾಕರ್ ಮೇಲ್ ತಗೊಳ್ಳೋ ಥರದ್ದಾಗಿದ್ರೆ ಆ ಉತ್ತರ ಕಾಮೆಂಟ್ ಆಗುತ್ತೆ, ಕಾಮೆಂಟ್ ಆದ್ರೆ ಮತ್ತೆ ಮೇಲ್ ಹೋಗುತ್ತೆ, ಅದಕ್ಕೆ ಮತ್ತೆ ಆಟೋ ರಿಪ್ಲೈ. ಶನಿವಾರ ರಾತ್ರಿ ಶುರುವಾದ್ರೆ ಸೋಮವಾರ ಬೆಳಿಗ್ಗೆ ಸರ್ವರ್ ಡಿಸ್ಕ್ ನೋಡೋಕಾಗಲ್ಲ.

ಫ್ರಮ್‌ನಲ್ಲಿ ಇಶ್ಯೂ ಬರೆದೋರ ನಿಜವಾದ ವಿಳಾಸ ಹಾಕ್ಬೇಡಿ, ಎಷ್ಟು ಚೆನ್ನಾಗಿ ಕಂಡ್ರೂ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ಪಾಲಿಸಿನ (ನಕಲಿ ಫ್ರಮ್ ವಿಳಾಸ ತಡೆಯೋ ನಿಯಮ) ರಿಜೆಕ್ಟ್ ಅಂತ ಇಟ್ಟಿದ್ದೇ ಇಟ್ಟಿದ್ದು, ಮೇಲಿಂಗ್ ಲಿಸ್ಟ್‌ಗಳಲ್ಲಿ ಯಾಹೂ ವಿಳಾಸದಿಂದ ಬಂದಿದ್ದು ಎಷ್ಟೋ ಕಡೆ ಬೌನ್ಸ್ ಆಗಿ (ತಲುಪದೇ ವಾಪಸ್ ಬಂದು), ಸಂಬಂಧವೇ ಇಲ್ಲದ ಸದಸ್ಯರು ಬೌನ್ಸ್ ಲೆಕ್ಕ ದಾಟಿ ಲಿಸ್ಟ್ ಇಂದ ಹೊರಗೆ ಬಿದ್ದಿದ್ರು. ಹೆಸರು ಮಾತ್ರ ಅವರದ್ದು ಇರ್ಲಿ, ವಿಳಾಸ ಬಾಟ್‌ದೇ ಇರ್ಲಿ.

ಬಾಟ್ ವಿಳಾಸನ ಲಿಸ್ಟ್‌ನ ಒಪ್ಪಿಗೆ ಪಟ್ಟಿಗೆ ಸೇರಿಸಿ, ಇಲ್ದಿದ್ರೆ ಎಲ್ಲಾ ಮಾಡರೇಶನ್‌ನಲ್ಲಿ ನಿಲ್ಲುತ್ತೆ. ಮೇಲ್‌ಮ್ಯಾನ್ 2ರಲ್ಲಿ ಡೀಫಾಲ್ಟ್ ಗಾತ್ರದ ಮಿತಿ 40 ಕೆಬಿ, ಯಾರೋ ಇಶ್ಯೂನಲ್ಲಿ ಉದ್ದ ಲಾಗ್ ಅಂಟಿಸಿದ್ರೆ ದಾಟಿಹೋಗುತ್ತೆ, ಸ್ಕ್ರಿಪ್ಟ್‌ನಲ್ಲೇ ಮೊದಲ ಸ್ವಲ್ಪ ಸಾಲು ಇಟ್ಕೊಂಡು ಉಳಿದಿದ್ದು ಕತ್ತರಿಸಿ.

ಮತ್ತೆ ಡೈಜೆಸ್ಟ್ ಮೋಡ್ (ಹಲವು ಮೇಲ್ ಒಂದರಲ್ಲೇ ಕಟ್ಟಿ ಕಳಿಸೋದು) ಇದಕ್ಕೆ ಪರಿಹಾರ ಅಂತ ಯಾರಾದ್ರೂ ಹೇಳೋಕೆ ಮುಂಚೆ ಹೇಳ್ತೀನಿ, ಅಲ್ಲ. ಡೈಜೆಸ್ಟ್‌ಗೆ ರಿಪ್ಲೈ ಹಾಕೋರ ಸಬ್ಜೆಕ್ಟ್ ನೋಡಿದ್ದೀರಲ್ಲ, ಯಾವ ಮೇಲ್‌ಗೆ ಉತ್ತರ ಅಂತಾನೇ ಗೊತ್ತಾಗಲ್ಲ.

---

ಟ್ರಯಾಜ್‌ತಾಯಿ

ಸೆಕ್ಯುರಿಟಿ ಇಶ್ಯೂ ಬಗ್ಗೆ ಯಾರೂ ಹೇಳ್ಲಿಲ್ಲ. ಗುಟ್ಟಾಗಿ ಹಾಕಿದ ಬಗ್‌ನ ಮೇಲ್ ಪಬ್ಲಿಕ್ ಲಿಸ್ಟ್‌ಗೆ ಹೋದ್ರೆ ಕೆಲಸ ಕೆಟ್ಟಂಗೆ, ಆರ್ಕೈವ್‌ಗೆ ಹೋದ್ಮೇಲೆ ವಾಪಸ್ ತಗೊಳ್ಳೋಕಾಗಲ್ಲ, ಸದಸ್ಯರ ಇನ್‌ಬಾಕ್ಸ್‌ನಲ್ಲಿ ಇರುತ್ತೆ. ಬಗ್‌ಜಿಲ್ಲಾ ಆ ಬಗ್ ನೋಡೋ ಹಕ್ಕಿರೋ ಅಕೌಂಟ್‌ಗೆ ಮಾತ್ರ ಮೇಲ್ ಕಳಿಸುತ್ತೆ, ಜಿರಾ ಕೂಡ ಸಿಂಗಲ್ ಇಮೇಲ್ ಅಡ್ರೆಸ್‌ಗೆ ಪಬ್ಲಿಕ್ ಇಶ್ಯೂ ಆದ್ರೆ ಮಾತ್ರ ಕಳಿಸೋದು. ಆದ್ರೆ ಯಾರೋ ಅನುಕೂಲಕ್ಕೆ ಅಂತ ಬಾಟ್ ಅಕೌಂಟ್‌ನ ಸೆಕ್ಯುರಿಟಿ ಗುಂಪಿಗೆ ಸೇರಿಸಿದ್ರೆ ಆ ಕಾವಲು ಹೋಯ್ತು. ವೆಬ್‌ಹುಕ್ ಸ್ಕ್ರಿಪ್ಟ್‌ಗಂತೂ ಕಾವಲೇ ಇಲ್ಲ, ನೀವು ಬರೆದಷ್ಟೇ. ಇಶ್ಯೂ ಗುಪ್ತ ಅಂತ ಇದ್ರೆ ಕಳಿಸ್ಬೇಡ ಅನ್ನೋ ಸಾಲು ಮೊದಲ ದಿನಾನೇ ಇರ್ಬೇಕು.

---

ರೆಫರೆನ್ಸ್‌ರಾಯ

ಇಷ್ಟೆಲ್ಲ ಆದ್ಮೇಲೆ ಆ ಪೂರ್ತಿ ಪ್ರವಾಹದ ಲಿಸ್ಟ್ ಯಾಕೆ ಇಟ್ಕೋಬೇಕು, ಯಾರೂ ಓದಲ್ಲ ಅಂತ ಹಳೇಡಿಫ್ ಅವರೇ ಹೇಳಿದ್ರಲ್ಲ, ಕಿತ್ತಾಕೋಣ ಅಂತ ಅನ್ನಿಸ್ಬಹುದು. ಬೇಡ. ಅದು ಓದೋಕಲ್ಲ, ಇಟ್ಕೊಳ್ಳೋಕೆ. ಪ್ರಾಜೆಕ್ಟ್‌ಗಳಿಗೆ ಜಾಗ ಕೊಡ್ತಿದ್ದ ಗೂಗಲ್ ಕೋಡ್ 2016ರ ಜನವರಿಯಲ್ಲಿ ಮುಚ್ಚಿತು, ಟ್ರ್ಯಾಕರ್‌ಗಳು ಬರ್ತವೆ ಹೋಗ್ತವೆ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಂಬರ್ ಬದಲಾಗುತ್ತೆ, ಹಳೇ ಕಮಿಟ್ ಮೆಸೇಜ್‌ನಲ್ಲಿರೋ ನಂಬರ್ ಎಲ್ಲಿಗೂ ಹೋಗಲ್ಲ. ಮೇಲ್ ಆರ್ಕೈವ್ ಅಂದ್ರೆ ಬರೀ ಟೆಕ್ಸ್ಟ್ ಫೈಲು, ಗ್ರೆಪ್ ಮಾಡಿದ್ರೆ (ಪದ ಹಾಕಿ ಹುಡುಕಿದ್ರೆ) ಸಿಗುತ್ತೆ.

---

ಸೀವ್‌ಸಿದ್ದ

ಈ ಕಾರಣಕ್ಕೆ ಆದ್ರೆ ನಾನೂ ಬೇರೆ ಲಿಸ್ಟ್‌ಗೆ ಸೈ. ಒಂದು ಷರತ್ತು, ಈಗಿರೋ ಸದಸ್ಯರನ್ನ ಕೇಳ್ದೇ ಆ ಹೊಸ ಲಿಸ್ಟ್‌ಗೆ ಸೇರಿಸ್ಬೇಡಿ.

---

ಮೇಲುಸ್ತುವಾರಿ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಸಿಗುತ್ತೆ ಅಂತ ಅನ್ಕೊಂಡಿರ್ಲಿಲ್ಲ. ಬಾಟ್ ಅಕೌಂಟ್‌ನ ವಿಳಾಸ ಬದಲಾಯಿಸಿ ಆಯ್ತು, ಅದು ಕಾಯೋ ವಿಷಯ ಆಗಿರ್ಲಿಲ್ಲ.

ಉಳಿದಿದ್ದು ಹೀಗೆ ಮಾಡೋಣ ಅಂತ ನಮ್ಮವರ ಮುಂದೆ ಇಡ್ತೀನಿ. ಚರ್ಚೆಯ ಲಿಸ್ಟ್‌ಗೆ ಹೊಸ ಇಶ್ಯೂ ಆದಾಗ ಒಂದೇ ಮೇಲ್, ವೆಬ್‌ಹುಕ್ ಇಂದ, ಮೊದಲ ಸಾಲಲ್ಲಿ ಲಿಂಕ್. ರಿಪ್ಲೈ-ಟು ವಿಷಯದಲ್ಲಿ ಸೀವ್‌ಸಿದ್ದ ಮತ್ತೆ ರೆಫರೆನ್ಸ್‌ರಾಯ ಇಬ್ಬರದ್ದೂ ಅರ್ಧ ಅರ್ಧ ತಗೊಂಡು, ರಿಪ್ಲೈ-ಟು ನಲ್ಲಿ ಏನೂ ಇಡಲ್ಲ, ಬೇಕಾದೋರು ಲಿಸ್ಟ್‌ಗೆ ಹೊಸದಾಗಿ ಬರೀಲಿ. ಮುಚ್ಚಿದ್ದು, ಕಾಮೆಂಟು, ಅಸೈನಿ ಎಲ್ಲಾ ಇಶ್ಯೂಸ್ ಲಿಸ್ಟ್‌ಗೆ, ಅದಕ್ಕೆ ಯಾರನ್ನೂ ನಾವಾಗೇ ಸೇರಿಸಲ್ಲ. ಟ್ರ್ಯಾಕರ್‌ನಲ್ಲಿ ಏನಾದ್ರೂ ದೊಡ್ಡ ತೀರ್ಮಾನ ಆದ್ರೆ ಆ ಇಶ್ಯೂ ಮುಚ್ಚೋರು ಚರ್ಚೆಯ ಲಿಸ್ಟ್‌ಗೆ ಒಂದು ಮೇಲ್ ಬರೀಬೇಕು, ಇದಕ್ಕೆ ಯಾವ ಸ್ಕ್ರಿಪ್ಟೂ ಬರಲ್ಲ, ಮನುಷ್ಯರೇ ಬರೀಬೇಕು, ಹಾಗಾಗಿ ಇದೇ ಮೊದಲು ನಿಂತೋಗೋದು ಅಂತ ನಂಗೆ ಅನುಮಾನ.

---

ಟ್ರಯಾಜ್‌ತಾಯಿ

ಆ ಮೇಲ್ ನಾನು ನೋಡ್ಕೋತೀನಿ, ಡಿಸಿಶನ್ ಅಂತ ಒಂದು ಲೇಬಲ್ ಇಡಿ. ಆ ಲೇಬಲ್ ಇದ್ದು ಲಿಸ್ಟ್ ಲಿಂಕ್ ಇಲ್ದೇ ಮುಚ್ಚಿದ ಇಶ್ಯೂಗಳನ್ನ ವಾರಕ್ಕೊಮ್ಮೆ ಹುಡುಕಿ ಅವರನ್ನ ಕಾಡೋದು ನನ್ನ ಜವಾಬ್ದಾರಿ.

---

ಸೀವ್‌ಸಿದ್ದ

ಬದಲಾಯಿಸೋ ಒಂದು ವಾರ ಮುಂಚೆ ಹೊಸ ಲಿಸ್ಟ್-ಐಡಿ ಏನು, ಸಬ್ಜೆಕ್ಟ್ ಹೆಂಗಿರುತ್ತೆ, ಹೆಡರ್ ಹೆಸರೇನು ಅಂತ ಲಿಸ್ಟ್‌ಗೆ ಬರೆದು ಹಾಕಿ ಮಾರಾಯ್ರೇ. ಫಿಲ್ಟರ್ ಇಟ್ಕೊಂಡಿರೋರು ನಾವೂ ಇದ್ದೀವಿ, ಒಂದು ಬೆಳಿಗ್ಗೆ ಎದ್ದಾಗ ಎಲ್ಲಾ ಇನ್‌ಬಾಕ್ಸ್‌ಗೆ ಬಂದು ಬಿದ್ದಿರ್ಬಾರ್ದು.